ಏಡಿ ಬೋನಿಗೆ ಹೋದ ತಲೆ

ಕಡಲ ದಂಡೆಯ ಬೋವೆನ್ ಊರಲ್ಲಿ ಯಾರ ಗಾಳದ ರಾಡು ಮುರಿದ್ರೂ, ಯಾರ ದಾರ ಸುತ್ತೋ ರೀಲು ಗರಗರ ಅಂದ್ರೂ, ಅದು ಬಂದು ಬೀಳೋದು ಏವಿಸ್ ಮನೆ ಅಡುಗೆ ಟೇಬಲ್ ಮೇಲೆ. ಗಂಡ ಲಿಂಡ್ಸೇ ಹಿತ್ತಲಲ್ಲಿ ದೊಡ್ಡ ಶೆಡ್ಡು ಕಟ್ಟಿಸ್ಕೊಟ್ಟಿದಾನೆ. ಏವಿಸ್ ಅಲ್ಲಿ ಕೂರಲ್ಲ. ಅವಳಿಗೆ ಒಂದು ಕಡೆ ಒಲೆ ಮೇಲೆ ಸಾರು ಕುದೀತಿರ್ಬೇಕು, ಇನ್ನೊಂದು ಕಡೆ ಹಳೇ ಪೇಪರ್ ಮೇಲೆ ರೀಲು ಬಿಚ್ಕೊಂಡಿರ್ಬೇಕು. ಒಂದ್ಸಲ ಲಿಂಡ್ಸೇ ಗೆಳೆಯ ಸ್ನೋ ಬಂದವನು ಬೆಣ್ಣೆ ಅಂದ್ಕೊಂಡು ರೀಲಿಗೆ ಹಾಕೋ ಗ್ರೀಸನ್ನ ಬ್ರೆಡ್ಡಿಗೆ ಸವರ್ಕೊಂಡು ತಿಂದು, "ಉಪ್ಪು ಕಮ್ಮಿ ಆಯ್ತು ತಾಯಿ" ಅಂದಿದ್ದ. ಇವತ್ತಿಗೂ ಊರಲ್ಲಿ ಅವನನ್ನ ಆಡ್ಕೋತಾರೆ.

ರಾಡಿಗೆ ಉಂಗುರ ಕೂರಿಸಿ, ನೂಲು ಸುತ್ತಿ, ವಾರ್ನಿಶ್ ಹಚ್ಚೋದನ್ನ ಕಲಿಸಿದ್ದು ಅವಳ ಅಪ್ಪ. ಅಡುಗೆ ಕಲಿಸಿದ್ದು ಅಜ್ಜಿ. ಅಜ್ಜಿ ಕಡೆಯವರು ಹಿಂದೆ ಯಾವ್ದೋ ಕಾಲದಲ್ಲಿ ಸಮುದ್ರದಾಚೆಯ ದ್ವೀಪದಿಂದ ಕಬ್ಬು ಕಡಿಯಕ್ಕೆ ಅಂತ ಈ ಕಡೆ ಬಂದು ಬಿದ್ದೋರು. ಬರ್ತಾ ತೆಂಗಿನ ಹಾಲನ್ನ ಬಿಟ್ಟು ಬರ್ಲಿಲ್ಲ. ಏವಿಸ್ ಮಾಡೋ ಮೀನಿನ ಸಾರು ಅಂದ್ರೆ ತೆಂಗಿನ ಹಾಲು, ಶುಂಠಿ, ಹಸಿಮೆಣಸು, ಗೆಣಸು, ಕೊನೇಲಿ ಒಂದು ನಿಂಬೆಹಣ್ಣು. ಅಷ್ಟೇ. ಆ ಅಷ್ಟಕ್ಕೇ ಬೀದಿ ತುದೀಲಿರೋರು ಮೂಗರಳಿಸ್ಕೊಂಡು ಬರ್ತಾರೆ.

ಆ ಭಾನುವಾರ ಮಗಳು ಟೀಗನ್ ಊಟಕ್ಕೆ ಬರೋಳಿದ್ಲು, ಗಂಡ ಐವೋ ಜೊತೆ. ಟೀಗನ್‌ಗೆ ಏಳು ತಿಂಗಳು. ಎರಡು ಸಲ ನಿಲ್ಲದೇ ಹೋಗಿ, ಮೂರನೇ ಸಲ ನಿಂತಿರೋ ಬಸುರು. ಏವಿಸ್ ಫೋನಲ್ಲಿ ಮಾತಾಡೋವಾಗ್ಲೂ ದನಿ ತಗ್ಗಿಸ್ತಿದ್ಲು, ಒಳಗಿರೋ ಕೂಸು ಬೆಚ್ಚಿಬೀಳುತ್ತೇನೋ ಅನ್ನೋ ಹಾಗೆ.

ಬೆಳಿಗ್ಗೆ ಲಿಂಡ್ಸೇ ಐಸ್ ಡಬ್ಬ ಹೊತ್ಕೊಂಡು ಒಳಗೆ ಬಂದ. ಮುಖ ನೋಡ್ಬೇಕಿತ್ತು ಅವನದ್ದು, ಹತ್ತು ವರ್ಷ ಕಮ್ಮಿಯಾಗಿತ್ತು.

"ಏನ್ ಮುದುಕ, ಲಾಟರಿ ಹೊಡೀತಾ?"

"ಜ್ಯಾಕ್ ಮೀನು ಕಣೇ! ಕ್ರೀಕಲ್ಲಿ. ಕೆಂಪಗೆ, ಇಷ್ಟುದ್ದ! ಸ್ನೋಗೆ ಅರ್ಧ ಕೊಟ್ಟೆ, ಇನ್ನರ್ಧ ನಮಗೆ."

ಡಬ್ಬದಲ್ಲಿ ಬರೀ ತುಂಡು. ಬೆಳ್ಳಗೆ, ಗಟ್ಟಿಯಾಗಿ, ಚರ್ಮ ಸುಲಿದು ನೀಟಾಗಿ ಕೊಯ್ದಿದ್ದ. ತಲೆ, ಮುಳ್ಳು, ಚರ್ಮ ಎಲ್ಲಾ ಹೋಗಿದ್ದು ಏಡಿ ಬೋನಿಗೆ. ನಮ್ಮ ಕಡೆ ಎಲ್ರೂ ಮಾಡೋದೇ ಹಾಗೆ. ಮೀನು ಕೊಯ್ದ ಕೂಡಲೇ ಮಿಕ್ಕಿದ್ದನ್ನ ಬೋನಿನೊಳಗೆ ಕಟ್ಟಿ ಕ್ರೀಕಿಗೆ, ಅಂದ್ರೆ ಸಮುದ್ರದಿಂದ ಒಳಗೆ ಚಾಚಿರೋ ಹಿನ್ನೀರಿಗೆ, ಎಸೀತಾರೆ, ಮಾರನೇ ದಿನ ಏಡಿ. ತಲೆ ಎಲ್ಲಿ ಅಂತ ಯಾರೂ ಕೇಳಲ್ಲ.

ಏವಿಸ್‌ಗೂ ಕೇಳ್ಬೇಕು ಅನ್ನಿಸ್ಲಿಲ್ಲ. ಅವನ ಖುಷಿ ನೋಡಿ ಅವಳಿಗೂ ಹೊಟ್ಟೆ ತಣ್ಣಗಾಗಿತ್ತು. ಒಂದು ವರ್ಷದಿಂದ ಲಿಂಡ್ಸೇ ಕಣ್ಣಿಗೆ ಪೊರೆ. ಆಪರೇಷನ್ ಅಂದ್ರೆ ಕೂಗಾಡ್ತಾನೆ, "ನಂಗೆಲ್ಲಾ ಕಾಣುತ್ತೆ" ಅಂತಾನೆ, ಅನ್ಕೊಂಡೇ ಬಾಗಿಲಿಗೆ ಡಿಕ್ಕಿ ಹೊಡೀತಾನೆ. ಆಪರೇಷನ್ ಆಗೋವರ್ಗೂ ಸಮುದ್ರಕ್ಕೆ ಕಾಲಿಡಲ್ಲ ಅಂತ ಮಗಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಮೀನಿನ ವಿಷಯದಲ್ಲಿ ಊರಿಗೇ ಕೊನೇ ಮಾತು ಅವನದ್ದು. ಅಂಥೋನನ್ನ ಈಗ ಹುಡುಗ್ರು "ತಾತಾ, ಮೆಟ್ಲು ಹುಷಾರು" ಅಂತಾರೆ. ಅದು ಅವನಿಗೆ ಕೆನ್ನೆಗೆ ಹೊಡೆದಂಗೆ.

ಸಾರಿಗಿಟ್ಲು. ಉಪ್ಪು ನೋಡಕ್ಕೆ ಒಂದು ಸೌಟು ಬಾಯಿಗೆ ಹಾಕ್ಕೊಂಡ್ಲು. ಚೆನ್ನಾಗಿತ್ತು. ಉರಿ ಸಣ್ಣ ಮಾಡಿ, ಅಭ್ಯಾಸದಂತೆ ಟೇಬಲ್ ಮೇಲೆ ಪೇಪರ್ ಹಾಸಿದ್ಲು. ಲಿಂಡ್ಸೇ ಮೀನು ಹಿಡ್ಕೊಂಡು ಬಂದ ದಿನ ಅವನ ರೀಲು ತೊಳ್ದು ಎಣ್ಣೆ ಬಿಡೋದು ಅವಳ ಕೆಲಸ.

ಕ್ರೀಕಿಗೆ ಒಯ್ಯೋ ಸಣ್ಣ ರಾಡು ಬಾಗಿಲ ಪಕ್ಕದಲ್ಲೇ ಇತ್ತು. ತಗೊಂಡ್ಲು.

ಒಣಗಿತ್ತು. ರೀಲಿನ ಮೇಲೆ ಧೂಳು. ದಾರದ ತುದೀಲಿ ಗುರುವಾರ ಅವಳೇ ಕಟ್ಟಿದ್ದ ಹೊಸ ಲ್ಯೂರು, ಅಂದ್ರೆ ಮೀನನ್ನ ಮರುಳು ಮಾಡೋ ಬಣ್ಣದ ಮರದ ಮೀನು, ಹಾಗೇ ಇತ್ತು. ಗಂಟು ಅವಳದ್ದೇ. ಬಣ್ಣದ ಮೇಲೆ ಒಂದು ಗೀರಿಲ್ಲ. ಜ್ಯಾಕ್ ಕಚ್ಚಿದ್ರೆ ಹಾಗಿರುತ್ತಾ? ಜ್ಯಾಕ್ ಹಲ್ಲಿಗೆ ಸಿಕ್ಕಿದ ಲ್ಯೂರು ನಾಯಿ ಬಾಯಿಗೆ ಸಿಕ್ಕಿದ ಚಪ್ಪಲಿ ಥರ ಇರುತ್ತೆ.

ಏವಿಸ್ ಶೆಡ್ಡಿಗೆ ಹೋದ್ಲು. ಸಮುದ್ರಕ್ಕೆ ಒಯ್ಯೋ ದಪ್ಪ ರಾಡು ಮೂಲೇಲಿ, ಟಾರ್ಪಾಲಿನ ಹಿಂದೆ. ಒದ್ದೆ. ರೀಲಿನ ಹಿಡಿ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ದಾರಾನ ಎರಡು ಬೆರಳ ಮಧ್ಯೆ ಎಳ್ದು ನೋಡಿದ್ಲು, ಗರಗಸದ ಥರ ತರಚಿತ್ತು. ಹವಳದ ಬಂಡೆಗೆ ಉಜ್ಜಿರೋ ದಾರ.

ಸಮುದ್ರಕ್ಕೆ ಹೋಗಿದಾನೆ.

ಸಿಟ್ಟು ಬರ್ಬೇಕಿತ್ತು. ಬರ್ಲಿಲ್ಲ, ಭಯ ಆಯ್ತು. ಯಾಕಂದ್ರೆ ಕ್ರೀಕಲ್ಲಿ ಸಿಗೋ ಕೆಂಪು ಮೀನು ಜ್ಯಾಕೇ, ಅದ್ರಲ್ಲಿ ಅನುಮಾನ ಇಲ್ಲ. ಹವಳದ ಬಂಡೆ ಹತ್ರ ಸಿಗೋ ಕೆಂಪು ಮೀನು ಜ್ಯಾಕೂ ಆಗ್ಬಹುದು, ಬ್ಯಾಸೂ ಆಗ್ಬಹುದು. ಎರಡೂ ಅಣ್ಣ ತಮ್ಮ ಇದ್ದಂಗೆ. ಅದೇ ಬಣ್ಣ, ಅದೇ ಹಲ್ಲು. ಒಂದೇ ಗುರುತು ಅಂದ್ರೆ ಬ್ಯಾಸಿಗೆ ಕಣ್ಣಿಂದ ಮೂಗಿನ ತೂತಿನವರೆಗೆ ಒಂದು ಆಳವಾದ ಗುಳಿ. ಜ್ಯಾಕಿಗೆ ಇಲ್ಲ. ಜ್ಯಾಕು ಹಬ್ಬದೂಟ. ಬ್ಯಾಸಿನಲ್ಲಿ ಹವಳದ ಬಂಡೆ ಪಾಚಿಯ ವಿಷ ಕೂತಿರುತ್ತೆ. ಬೇಯಿಸಿದ್ರೆ ಹೋಗಲ್ಲ, ಹುರಿದ್ರೆ ಹೋಗಲ್ಲ, ರುಚೀಲಿ ಗೊತ್ತಾಗಲ್ಲ. ಸಿಕ್ರೆ ವಾಪಸ್ ನೀರಿಗೆ ಬಿಡ್ಬೇಕು ಅಂತ ರೂಲ್ಸೇ ಇದೆ. ಏವಿಸ್ ಚಿಕ್ಕಪ್ಪ ಅಂಥ ಮೀನು ತಿಂದು, ಮೊದಲು ತುಟಿ ಚುರುಗುಟ್ಟಿ, ಆಮೇಲೆ ಎರಡು ವರ್ಷ ಮೈ ಕೆರ್ಕೊಂಡು ನರಳಿದ್ದ. ಬಸುರಿ ತಿಂದ್ರೆ ಒಳಗಿನ ಕೂಸಿಗೂ ತಟ್ಟುತ್ತೆ.

ಸ್ನೋಗೆ ಫೋನ್ ಮಾಡಿದ್ಲು.

"ಸ್ನೋ, ಮೀನು ಎಲ್ಲಿ ಸಿಕ್ತು?"

"ಕ್ರೀಕಲ್ಲಿ ತಾಯಿ. ಕ್ರೀಕಲ್ಲೇ." ಪಾಠ ಒಪ್ಪಿಸ್ದಂಗೆ ಹೇಳಿದ.

"ಅಲೆ ಹೇಗಿತ್ತು?"

"ಅಯ್ಯೋ, ಗಾಜಿನ ಥರ! ಅಲ್ಲೆಲ್ಲೋ ದೂರದಲ್ಲಿ ಮಾತ್ರ ಸ್ವಲ್ಪ..." ಅಂದವನು ಟಪ್ ಅಂತ ನಿಲ್ಲಿಸಿದ. "ಕ್ರೀಕಲ್ಲಿ ಎಲ್ಲಿ ಅಲೆ ಇರುತ್ತೆ ಬಿಡು."

"ತಲೆ ನೀನು ನೋಡಿದ್ಯಾ?"

"ಲಿಂಡ್ಸೇ ಜ್ಯಾಕ್ ಅಂದ. ಅವನೇ ಅಂದ್ಮೇಲೆ ನಾನ್ಯಾರು ತಾಯಿ ನೋಡಕ್ಕೆ?"

ಫೋನ್ ಇಟ್ಲು. ಸಾರು ಚೆಲ್ಲಿಬಿಡೋದು ಒಂದು ಕ್ಷಣದ ಕೆಲಸ. ಆದ್ರೆ ಅದು ಜ್ಯಾಕೇ ಆಗಿದ್ರೆ? ಒಂದು ವರ್ಷದ ಮೇಲೆ ಗಂಡ ನೆಟ್ಟಗೆ ನಿಂತು ನಕ್ಕಿದಾನೆ. ಮಗಳು ಅಳಿಯನ ಎದುರಿಗೆ "ನಿನ್ನ ಕಣ್ಣನ್ನ ನಾನು ನಂಬಲ್ಲ" ಅಂತ ಅವನ ಮೀನನ್ನ ಮಣ್ಣಿಗೆ ಸುರಿದ್ರೆ, ಆ ಮನುಷ್ಯ ಮತ್ತೆ ಏಳಲ್ಲ. ಕ್ರೀಕು ಹತ್ತೇ ನಿಮಿಷದ ದಾರಿ. ಟೀಗನ್ ಬರೋಕೆ ಇನ್ನೂ ಹೊತ್ತಿದೆ. ತಲೆ ನೋಡಿದ್ರೆ ಮುಗೀತು.

ಒಲೆ ಆರಿಸಿದ್ಲು. ಮುಚ್ಚಳ ಮುಚ್ಚಿದ್ಲು.

"ಲಿಂಡ್ಸೇ, ನಿಂಬೆಹಣ್ಣಿಗೆ ಹೋಗ್ಬರ್ತೀನಿ. ಸಾರು ಇನ್ನೂ ಆಗಿಲ್ಲ, ಮುಟ್ಬೇಡ!"

"ನಾನ್ಯಾಕೆ ಮುಟ್ಲಿ? ನಾನೇನು ಸ್ನೋನಾ?"

ಪಿಕಪ್ ಹತ್ತಿ ಕ್ರೀಕಿಗೆ ಹೊಡೆದ್ಲು. ಉಬ್ಬರದ ನೀರು ಏರ್ತಿತ್ತು. ಲಿಂಡ್ಸೇ ಬೋನಿನ ಹಗ್ಗ ಕಟ್ಟೋ ಜಾಗ ಅವಳಿಗೆ ಗೊತ್ತು, ನೀರಲ್ಲೇ ಬೇರು ಬಿಡೋ ಕಾಂಡ್ಲಾ ಮರದ ಬಾಗಿದ ಬೇರು. ಆ ಬೇರು ಆಗ್ಲೇ ಅರ್ಧ ಮುಳುಗಿತ್ತು. ಪಕ್ಕದಲ್ಲೇ ಹಳದಿ ಬೋರ್ಡು, ಬಾಯಿ ತೆರೆದ ಮೊಸಳೆ ಚಿತ್ರ. ಅದು ಸುಮ್ನೆ ಅಂದಕ್ಕೆ ಹಾಕಿರೋ ಬೋರ್ಡಲ್ಲ.

ಏವಿಸ್ ನೀರಿಗೆ ಇಳೀಲಿಲ್ಲ. ಪಿಕಪ್ಪಿನಿಂದ ಉದ್ದದ ಕೊಕ್ಕೆ ಕೋಲು ತಂದು, ಕೆಸರಲ್ಲಿ ಮಂಡಿಯೂರಿ, ಹಗ್ಗಕ್ಕೆ ಚಾಚಿದ್ಲು. ಸಿಗ್ಲಿಲ್ಲ. ಮತ್ತೆ ಚಾಚಿದ್ಲು. ಎದುರು ದಡದ ಹತ್ರ ನೀರು ಒಂದ್ಸಲ ಉಬ್ಬಿ ಸುಮ್ಮನಾಯ್ತು. ಕಣ್ಣು ಅಲ್ಲೇ ಇಟ್ಕೊಂಡು ಕೈ ಇನ್ನೂ ಚಾಚಿದ್ಲು. ಕೊಕ್ಕೆಗೆ ಹಗ್ಗ ಸಿಕ್ತು. ಎದ್ದು ಹಿಂದೆ ಹಿಂದೆ ಹೆಜ್ಜೆ ಇಡ್ತಾ ಎಳೆದ್ಲು. ಬೋನು ಕೆಸರು ಬಿಟ್ಟು ಬರಲ್ಲ. ಆ ಹೊತ್ತಿಗೆ ಗಮನಕ್ಕೆ ಬಂತು, ತುಟಿ ಚುರುಗುಟ್ತಿದೆ. ಹಸಿಮೆಣಸಿಂದಾ? ಇಷ್ಟು ಬೇಗ ವಿಷ ಏರಲ್ಲ ಅಲ್ವಾ? ಒಂದು ಸೌಟು ಕುಡಿದೆ. ಒಂದೇ ಸೌಟು.

ಬೋನು ದಡಕ್ಕೆ ಬಂತು. ಒಳಗೆ ಎರಡು ಭಾರೀ ಏಡಿ, ತಲೇನ ಹಬ್ಬ ಮಾಡ್ತಾ ಇದಾವೆ. ಒಂದು ಕಡೆ ಪೂರ್ತಿ ತಿಂದು ಬರೀ ಮೂಳೆ. ಇಕ್ಕಳದಲ್ಲಿ ಏಡಿ ಬಿಡಿಸಿ, ಕ್ರೀಕಿಗೆ ಒದ್ದು, ತಲೇನ ತಿರುಗಿಸಿದ್ಲು. ಆ ಕಡೆ ಚರ್ಮ ಇನ್ನೂ ಇತ್ತು. ಕೆಸರು ಒರೆಸಿದ್ಲು.

ಗುಳಿ. ಕಣ್ಣಿಂದ ಮೂಗಿಗೆ, ಉಗುರು ಪೂರ್ತಿ ಇಳಿಯೋಷ್ಟು ಆಳ.

ಫೋನಿಗೆ ಅಂತ ಜೇಬಿಗೆ ಕೈ ಹಾಕಿದ್ಲು. ಇಲ್ಲ. ಸ್ನೋ ಜೊತೆ ಮಾತಾಡಿ ಶೆಡ್ಡಲ್ಲೇ ಇಟ್ಟು ಬಂದಿದ್ಲು.

ವಾಪಸ್ ಹೇಗೆ ಓಡಿಸಿದ್ಲೋ ಅವಳಿಗೇ ಗೊತ್ತಿಲ್ಲ. ಮನೆ ತಿರುವಿಗೆ ಬಂದ್ಲು. ಐವೋ ಕಾರು ಆಗ್ಲೇ ನಿಂತಿದೆ. ಬೇಗ ಬಂದಿದಾರೆ.

ಬಾಗಿಲು ತಳ್ಳಿದ್ಲು. ಅನ್ನ ಬಡಿಸಿ ಆಗಿದೆ. ಬಟ್ಟಲುಗಳಲ್ಲಿ ಮತ್ತೆ ಬಿಸಿ ಮಾಡಿದ ಸಾರು ಹೊಗೆಯಾಡ್ತಿದೆ. ಲಿಂಡ್ಸೇ ಸೌಟು ಹಿಡ್ಕೊಂಡು ಮದುವೆ ಮನೆ ಯಜಮಾನನ ಥರ ನಿಂತಿದಾನೆ. "ಬಸುರಿ ಹಸ್ಕೊಂಡು ಬಂದ್ಲು, ನಿನ್ನ ನಿಂಬೆಹಣ್ಣು ಕಾಯ್ಕೊಂಡು ಕೂರ್ಲಾ?" ಅಂತಿದಾನೆ. ಟೀಗನ್ ಚಮಚ ಎತ್ತಿ ಊದ್ತಿದಾಳೆ.

"ಇಡು! ಕೆಳಗಿಡು ಅದನ್ನ!"

ಆ ದನಿ ಆ ಮನೇಲಿ ಯಾರೂ ಕೇಳಿರ್ಲಿಲ್ಲ. ಚಮಚ ಬಟ್ಟಲಿಗೆ ಬಿತ್ತು.

"ತಿಂದ್ಯಾ? ಟೀಗನ್, ನೋಡಿಲ್ಲಿ, ತಿಂದ್ಯಾ?"

"ಇಲ್ಲಮ್ಮ, ಬಿಸಿ ಇತ್ತು... ಏನಾಯ್ತು? ಮೈಯೆಲ್ಲಾ ಕೆಸರು!"

"ಐವೋ?"

"ನಾನೂ ಇಲ್ಲ. ಮಾವ ಮೀನು ಹಿಡಿದ ಕಥೆ ಮುಗಿಸಿದ್ರೆ ತಾನೇ ತಿನ್ನೋದು?"

ಲಿಂಡ್ಸೇ ಮುಖ ಕೆಂಪಾಯ್ತು. "ಹುಚ್ಚು ಹಿಡೀತೇನೇ ನಿನಗೆ? ನನ್ನ ಮೀನಿಗೆ..."

ಸುಳ್ಳುಗಾರ, ಕುರುಡ, ಎಲ್ಲಾ ಏವಿಸ್ ನಾಲಿಗೆ ತುದೀಲಿತ್ತು. ತಂದಿದ್ದ ತಲೇನ ಅವನ ಅಂಗೈಯಲ್ಲಿ ಇಟ್ಲು. ಮೂಳೆ ಕಡೆ ಕೆಳಗೆ, ಚರ್ಮದ ಕಡೆ ಮೇಲೆ.

"ಊರಿಗೆಲ್ಲಾ ನೀನೇ ಹೇಳೋನು. ಇದು ಯಾವ ಮೀನು, ನೀನೇ ಹೇಳು."

ಅವನು ತಲೇನ ಮುಖದ ಹತ್ರ ತಂದ. ಕಿಟಕಿ ಕಡೆ ತಿರುಗಿದ. ಮತ್ತೆ ದೂರ ಹಿಡಿದ. ಕೊನೆಗೆ ಹೆಬ್ಬೆರಳನ್ನ ಮೀನಿನ ಕಣ್ಣ ಮೇಲಿಟ್ಟು ಮೆಲ್ಲಗೆ ಮೂಗಿನ ಕಡೆ ಸರಿಸಿದ. ಅರ್ಧ ದಾರೀಲಿ ಹೆಬ್ಬೆರಳು ಒಳಗೆ ಇಳೀತು. ಅಲ್ಲೇ ನಿಂತ್ಕೊಂತು.

ಇನ್ನೊಂದ್ಸಲ ಸವರಿದ. ಮೂರನೇ ಸಲ ಸವರಲಿಲ್ಲ.

"ಬ್ಯಾಸ್," ಅಂದ. ಕೇಳ್ಸೋ ಕೇಳ್ಸದ ದನೀಲಿ. ಆಮೇಲೆ ಜೋರಾಗಿ, "ಏಳಮ್ಮ ಟೀಗನ್. ಏಳು, ಕೈ ತೊಳ್ಕೋ, ತುಟಿ ತೊಳ್ಕೋ. ಐವೋ, ಏಳಪ್ಪ."

ಬಟ್ಟಲುಗಳನ್ನ ಒಂದೊಂದಾಗಿ ಅವನೇ ಎತ್ತಿದ. ಐವೋ ಕೈ ಹಾಕಕ್ಕೆ ಬಂದ, "ಬೇಡ" ಅಂದ. ಪಾತ್ರೆಗೆ ವಾಪಸ್ ಸುರಿಯೋವಾಗ ಒಂದಿಷ್ಟು ಹೊರಗೆ ಚೆಲ್ತು. ಅವನಿಗೆ ಕಾಣ್ಲಿಲ್ಲ. ಏವಿಸ್ ಸುಮ್ನೆ ಬಟ್ಟೆ ತಗೊಂಡು ಒರೆಸಿದ್ಲು. ಅವನು ಒರೆಸೋ ಶಬ್ದ ಕೇಳಿ ತಲೆ ತಗ್ಗಿಸಿದ.

ಟೀಗನ್‌ಗೆ ಆಗ ಹೊಳೀತು. "ಅಪ್ಪಾ, ಬ್ಯಾಸ್ ಕ್ರೀಕಲ್ಲಿ ಹೇಗೆ ಸಿಕ್ತು?"

ಏವಿಸ್ ಗಂಡನ ಬೆನ್ನು ನೋಡ್ತಾ ನಿಂತಿದ್ಲು. ಈಗ ಇನ್ನೊಂದು ಸುಳ್ಳು ಬರುತ್ತೆ ಅಂದ್ಕೊಂಡ್ಲು.

ಅಷ್ಟರಲ್ಲಿ ಅವನೇ ಬೆಚ್ಚಿಬಿದ್ದ. "ಸ್ನೋ! ಸ್ನೋ ಹತ್ರ ಅರ್ಧ ಇದೆ! ಏವಿಸ್, ಫೋನು!"

ಐವೋ ತನ್ನ ಫೋನಲ್ಲಿ ನಂಬರ್ ಒತ್ತಿ ಕೊಟ್ಟ. ರಿಂಗ್ ಆಗ್ತಾನೇ ಇದೆ. ಎತ್ತಲ್ಲ. ಮತ್ತೆ ಹಚ್ಚಿದ. ಕಾರು ತೆಗೀಲಾ ಅಂತ ಐವೋ ಎದ್ದೇಬಿಟ್ಟಿದ್ದ, ಆಗ ಸ್ನೋ ಎತ್ತಿದ. ಸ್ಪೀಕರಲ್ಲಿ ಏನೋ ಚುಂಯ್ ಅಂತಿರೋ ಶಬ್ದ.

"ಏನೋ ಲಿಂಡ್ಸೇ, ಎಣ್ಣೆ ಕಾದಿದೆ, ಈಗ ತಾನೇ ಬಿಟ್ಟೆ. ಬೇಗ ಹೇಳು."

"ಆ ಮೀನು ತಿನ್ಬೇಡ. ಆರ್ಸು ಒಲೆ. ಬೆಕ್ಕಿಗೂ ಹಾಕ್ಬೇಡ, ಹೂತುಬಿಡು."

"ಯಾಕೋ? ಜ್ಯಾಕ್ ಅಂದ್ಯಲ್ಲೋ!"

ಅಡುಗೆಮನೇಲಿ ಎಲ್ರೂ ತನ್ನನ್ನೇ ನೋಡ್ತಿದಾರೆ ಅಂತ ಲಿಂಡ್ಸೇಗೆ ಗೊತ್ತು, ಮುಖಗಳು ಕಾಣ್ದಿದ್ರೂ.

"ಅಂದೆ ಕಣೋ. ಅದು ಬ್ಯಾಸು. ಬಂಡೆ ಹತ್ರ ಹಿಡಿದ್ವಲ್ಲ, ಅಲ್ಲೇ ಗೊತ್ತಾಗ್ಬೇಕಿತ್ತು. ನಂಗೆ ಕಾಣ್ಲಿಲ್ಲ ಸ್ನೋ. ನಂಗೆ ಕಣ್ಣು ಕಾಣಲ್ಲ."

ಆ ಕಡೆ ಚುಂಯ್ ಶಬ್ದ ನಿಂತುಹೋಯ್ತು. "ಆಯ್ತು ಬಿಡೋ," ಅಂದ ಸ್ನೋ, ಮೆತ್ತಗೆ. "ಹೂತುಬಿಡ್ತೀನಿ."

ಟೀಗನ್ ಅಪ್ಪನ ಪಕ್ಕ ಬಂದು ನಿಂತ್ಲು. ಬೈಯಕ್ಕೆ ಅಂತಾನೇ ಬಂದಿದ್ಲು, ಬೈಲಿಲ್ಲ. ಏವಿಸ್ ತುಟಿ ಮುಟ್ಟಿ ನೋಡ್ಕೊಂಡ್ಲು, ಇನ್ನೂ ಚುರುಗುಟ್ತಿತ್ತು, ಯಾರಿಗೂ ಹೇಳ್ಲಿಲ್ಲ. ಬಾಣಲೆ ಒಲೆ ಮೇಲಿಟ್ಟು, "ಮೊಟ್ಟೆ ಯಾರ್ಯಾರಿಗೆ ಎಷ್ಟೆಷ್ಟು?" ಅಂದ್ಲು.