ರಾಗಿ ತೆನೆ ಮತ್ತು ಮೂವತ್ತೆರಡು ಜಿಬಿ

ಚನ್ನರಾಯಪಟ್ಟಣದ ಸ್ನೇಹಲತಾಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಎಂಬ್ರಾಯ್ಡರಿ ಮಷಿನ್ ತನ್ನಷ್ಟಕ್ಕೆ ಓಡುತ್ತಿದ್ದರೂ ಎದ್ದು ದಾರ ನೋಡುತ್ತಾಳೆ, ಬಾಗಿಲವರೆಗೆ ಹೋಗಿ ಬರುತ್ತಾಳೆ. ಆ ಸೋಮವಾರವಂತೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡಿಸೈನ್ ಬರೆಯುವ ಹಳೇ ಲ್ಯಾಪ್‌ಟಾಪ್ ಡಿಸ್ಕ್‌ನಲ್ಲಿ ಜಾಗವಿಲ್ಲವೆಂದು ಮೊಂಡು ಹಿಡಿದು ಕೂತಿತ್ತು. ದಂಡಿಗನಹಳ್ಳಿಯ ಮೇಘಶ್ರೀಯ ಮದುವೆ ರವಿಕೆಯನ್ನು ಗುರುವಾರ ಕೊಡಬೇಕಿತ್ತು. ತೋಳಿನ ತುಂಬ ರಾಗಿ ತೆನೆ ಬೇಕೆಂದು ಕೇಳಿದ್ದಳು ಹುಡುಗಿ; ಸ್ನೇಹಲತಾ ಅದನ್ನು ಬರೆದು ಪರದೆಯ ಮೇಲೆ ಅವಳಿಗೆ ತೋರಿಸಿಯೂ ಆಗಿತ್ತು.

ಹೊಳೆನರಸೀಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸುನೀಲ್‌ಕುಮಾರ್‌ಗೆ ಫೋನ್ ಮಾಡಿದಳು.

“ಅಕ್ಕಾ, ಅದ್ರ ಡಿಸ್ಕೇ ಮೂವತ್ತೆರಡು ಜಿಬಿ. ಬೋರ್ಡಿಗೇ ಬೆಸುಗೆ ಹಾಕವ್ರೆ, ಬದಲಾಯ್ಸಕ್ಕಾಗಲ್ಲ. ಈಗಿರೋ ಸಿಸ್ಟಮ್ ಬದ್ಲು ಲಿನಕ್ಸ್ ಅಂತ ಐತೆ, ಅದ್ನ ಹಾಕ್ಕೊಳ್ಳಿ, ಹಗುರಾಗಿರ್ತದೆ. ಕಸೂತಿ ಬರ್ಯೋ ಪ್ರೋಗ್ರಾಂ ಅದ್ರಲ್ಲೂ ಐತೆ.”

ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ. ಹಳೇ ಸಿಸ್ಟಮ್ಮೂ ಇರಲಿ, ಪಕ್ಕದಲ್ಲಿ ಹೊಸದೂ ಇರಲಿ ಎಂದು ಸ್ನೇಹಲತಾಗೆ ಆಸೆ. ಅದಕ್ಕೆ ಹತ್ತು ಜಿಬಿ ಖಾಲಿ ಜಾಗ ಬೇಕು. ಫೋಟೊ, ಹಾಡು, ಸಿನಿಮಾ ಎಲ್ಲ ಅಳಿಸಿದರೂ ಆರು ಜಿಬಿಗಿಂತ ಹೆಚ್ಚು ಸಿಗಲಿಲ್ಲ. ಕೊನೆಗೆ ಡಿಸೈನ್‌ಗಳ ಫೋಲ್ಡರನ್ನು ಮೊಬೈಲಿಗೆ ಹಾಕಿಕೊಂಡು, ಎರಡು ಸಲ ತೆರೆದು ನೋಡಿ, ಡಿಸ್ಕ್ ಪೂರ್ತಿ ಅಳಿಸಲು ಒಪ್ಪಿಗೆ ಒತ್ತಿದಳು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟ್ ಹೋದರೆ ಎಲ್ಲ ಅರ್ಧಕ್ಕೇ ನಿಲ್ಲುತ್ತದೆ. ಸಡಿಲವಾದ ಪ್ಲಗ್ಗನ್ನು ಕೈಲಿ ಒತ್ತಿ ಹಿಡಿದು ನಲವತ್ತು ನಿಮಿಷ ನಿಂತಳು.

ಲ್ಯಾಪ್‌ಟಾಪ್ ಒಂದೇ ನಿಮಿಷದಲ್ಲಿ ತೆರೆದುಕೊಂಡಿತು. ಖುಷಿಯಿಂದ ಮೊಬೈಲಿನ ಫೋಲ್ಡರ್ ತೆಗೆದಳು. ಬಳ್ಳಿ ಇತ್ತು, ಹಂಸ ಇತ್ತು. ರಾಗಿ ತೆನೆ ಇರಲಿಲ್ಲ. ಅದನ್ನು ಫೋಲ್ಡರಿಗೆ ಹಾಕದೆ ಪರದೆಯ ಮೇಲೇ ಬಿಟ್ಟಿದ್ದಳು; ಡಿಸ್ಕ್ ಜೊತೆ ಅದೂ ಅಳಿಸಿಹೋಗಿತ್ತು.

ಎರಡು ದಿನ ಊಟ ರುಚಿಸಲಿಲ್ಲ. ಹೊಸ ಪ್ರೋಗ್ರಾಂನಲ್ಲಿ ಯಾವ ಗುಂಡಿ ಎಲ್ಲಿದೆಯೋ ಗೊತ್ತಿಲ್ಲ. ಬರೆಯುವಳು, ಅಳಿಸುವಳು, ಎದ್ದು ಓಡಾಡುವಳು. ಅತ್ತೆ ದೊಡ್ಡತಾಯಮ್ಮ ನೋಡೀ ನೋಡೀ ಹತ್ತಿರ ಬಂದರು.

“ಯಾಕವ್ವಾ ಇಂಗೆ ಸುತ್ತೀಯಾ? ವಸಿ ಕುತ್ಕೊ. ಏನದು?”

“ರಾಗಿ ತೆನೆ ಅತ್ತೆ.”

“ಇದಾ? ಪೊರಕೆ ಇದ್ದಂಗೈತೆ. ಬಲ್ತ ತೆನೆ ಇಂಗೆ ನೆಟ್ಟಗಿರ್ತದಾ? ಬೆರಳು ಒಳಿಕ್ಕೆ ಮಡಚ್ಕತದೆ ಕಣವ್ವಾ, ನೋಡು.” ಅವರು ತಮ್ಮ ಕೈಬೆರಳುಗಳನ್ನು ಅರ್ಧ ಮಡಚಿ ಪರದೆಯ ಮುಂದೆ ಹಿಡಿದರು.

ಸ್ನೇಹಲತಾ ಆ ಕೈಯನ್ನೇ ನೋಡಿಕೊಂಡು ಬರೆದಳು. ಕಳೆದುಹೋದ ತೆನೆಯ ಬೆರಳುಗಳು ನೆಟ್ಟಗಿದ್ದವೆಂದು ಆಗ ನೆನಪಾಯಿತು.

ಗುರುವಾರ ಬಂದ ಮೇಘಶ್ರೀ ರವಿಕೆಯ ತೋಳಿನ ಮೇಲೆ ಬೆರಳಾಡಿಸಿ, “ಅಕ್ಕಾ, ಅವತ್ತು ತೋರ್ಸಿದ್ದು ಬೇರೆ ಥರ ಇತ್ತಲ್ವಾ?” ಎಂದಳು.

ಸ್ನೇಹಲತಾ ಎದ್ದು ನಿಂತಳು. “ಅದು ಅಳಿಸೋಯ್ತು ಕಣಮ್ಮಾ. ಮತ್ತೆ ಬರ್ದೆ.”

“ಇದೇ ಚೆಂದ. ನಮ್ಮ ಹೊಲದ್ದೇ ಕಿತ್ತು ಇಟ್ಟಂಗೈತೆ.”

ಹುಡುಗಿ ಬಸ್ಸಿಗೆ ಹೋದಳು. ಸ್ನೇಹಲತಾ ನೀರು ಕುಡಿಯಲೂ ನಿಲ್ಲದೆ ಪೆನ್‌ಡ್ರೈವ್ ಹುಡುಕತೊಡಗಿದಳು. ಲ್ಯಾಪ್‌ಟಾಪಿನಲ್ಲಿದ್ದ ಹೊಸ ತೆನೆಯ ನಕಲು ಇನ್ನೂ ಬೇರೆಲ್ಲೂ ಇರಲಿಲ್ಲ.