ನೆಲಕ್ಕೆ ಕಿವಿ ಹಚ್ಚಿದ ನೆಗೆಣ್ಣಿ

ಮದುವೆಯಾಗಿ ನಮ್ಮ ಮನೆಗೆ ಬಂದ ದಿನವೇ ನನ್ನ ನೆಗೆಣ್ಣಿ ಮಹಾದೇವಿ ನೆಲಕ್ಕೆ ಕಿವಿ ಹಚ್ಚಿ ಮಲಗಿಬಿಟ್ಟಳು. ಮೈದುನನ ಹೆಂಡತಿ, ಕೈಯ ಅರಿಶಿಣ ಇನ್ನೂ ಹೋಗಿರಲಿಲ್ಲ. ಹೊಸ ಸೊಸೆಯನ್ನು ನೋಡಲು ಹೆಂಗಸರೆಲ್ಲ ಮಹಡಿಯ ಕೋಣೆಯಲ್ಲಿ ಕೂತಿದ್ದೆವು. ಅವಳು ಬೆರಳ ಗೆಣ್ಣಿನಿಂದ ನೆಲದ ಹಲಗೆ ಬಡಿದು ಕೇಳಿ, "ಅಕ್ಕಾರ, ಇಲ್ಲಿ ಹಲಗಿ ತೊಲಿ ಬಿಟ್ಟದ ನೋಡ್ರಿ. ಅದಕ್ಕೇ ಕಾಲಿಟ್ರ ಕಿರ್ ಅಂತದ" ಎಂದಳು. ನನಗೆ ನಗು ಬಂತು. ಅತ್ತೆ ನಗಲಿಲ್ಲ, ಎದ್ದು ಹೋಗಿ ಅವಳ ಪಕ್ಕ ಕೂತರು. ನನ್ನ ಹೊಟ್ಟೆಕಿಚ್ಚು ಅವತ್ತೇ ಶುರುವಾಯಿತು.

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಮಹಡಿಗೆ ಪೂರಾ ಸಾಗವಾನಿ ಹಲಗೆಯ ನೆಲ. ಅತ್ತೆಯನ್ನು ಮದುವೆಯಾದ ಹೊಸದರಲ್ಲಿ ಮಾವ ತಮ್ಮ ಕೈಯಾರೆ ಹಾಸಿದ್ದು. ಕುಲದಿಂದ ನಾವು ಬಡಿಗೇರರೇ. ಆಮೇಲೆ ಗಂಡಸರೆಲ್ಲ ಆಫೀಸು ಹಿಡಿದರು, ಉಳಿ ಕರಗಸ ಮೂಲೆ ಸೇರಿದವು. ಮಾವ ತೀರಿಕೊಂಡ ಮೇಲೆ ಅತ್ತೆಗೆ ಆ ನೆಲವೆಂದರೆ ಜೀವ. ದೊಡ್ಡ ಸೊಸೆ ನಾನು. ಅವರಿಗೆ ರೊಟ್ಟಿ ತೆಳ್ಳಗೆ ಬಡಿದು ಕೊಟ್ಟವಳು, ಕಾಲಿಗೆ ಎಣ್ಣೆ ತಿಕ್ಕಿದವಳು, ಅವರ ಮುನಿಸನ್ನೆಲ್ಲ ನುಂಗಿಕೊಂಡವಳು ನಾನು. ಅವರ ಬಾಯಿಂದ ಒಂದು ಸಲ "ನನ್ನ ಮಗಳು" ಅನ್ನಿಸಿಕೊಳ್ಳಬೇಕೆಂಬ ಆಸೆ, ಅಷ್ಟೇ.

ಮಹಾದೇವಿ ಕಮಲಾಪುರದಲ್ಲಿ ಅಪ್ಪನ ಬಡಿಗತನದ ಅಂಗಡಿಯಲ್ಲಿ ಕಟ್ಟಿಗೆ ಕೊಯ್ದು ಬೆಳೆದವಳು. ತವರಿಂದ ಬರುವಾಗ ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ಉಳಿ-ಸುತ್ತಿಗೆಯ ಚೀಲ. ಅವಳು ಬಡಿದ ರೊಟ್ಟಿ ಒಂದೂ ದುಂಡಗಿರುತ್ತಿರಲಿಲ್ಲ. ಅತ್ತೆ ಅದನ್ನೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು!

ಒಂದು ಬೇಸಿಗೆಯಲ್ಲಿ ಕೂಲರಿನ ತಳ ತೂತಾಗಿ, ಯಾರಿಗೂ ಗೊತ್ತಾಗದಂತೆ ನೀರು ಸೋರಿ, ಅತ್ತೆಯ ಮಂಚದ ಸುತ್ತಲಿನ ಹಲಗೆಗಳು ಕಪ್ಪಗಾಗಿ ಉಬ್ಬಿದವು. ನನಗೆ ಒಳಗೊಳಗೇ ಖುಷಿ. ಹಲಗೆ ಕೀಳಿಸಿ ಟೈಲ್ಸ್ ಹಾಕಿಸೋಣವೆಂದು ಸೂಪರ್ ಮಾರ್ಕೆಟ್ ಪೇಟೆಗೆ ಹೋದಾಗಲೆಲ್ಲ ಅಂಗಡಿಗಳಲ್ಲಿ ನೋಡಿ ಬರುತ್ತಿದ್ದೆ. ಮಹಾದೇವಿ ಸೆರಗು ಸಿಕ್ಕಿಸಿ ನಿಂತಳು. "ಟೈಲ್ಸ್ ಯಾಕ್ರೀ? ಮೊದಲ ಒಣಗ್ಲಿ. ಹಸಿ ಕಟ್ಟಿಗಿ ಸಣ್ಣ ಕೂಸಿದ್ದಂಗ, ಗದರಿಸಿದ್ರ ಮತ್ತಿಷ್ಟು ಹಟಾ ಹಿಡೀತದ."

ಕಿಟಕಿ ತೆರೆದಿಟ್ಟು ವಾರಗಟ್ಟಲೆ ಕಾದಳು. ಆಮೇಲೆ ಸೀದಾ ನನ್ನ ಕೋಣೆಗೆ ಬಂದು, ಅಲ್ಮಾರಿ ಸರಿಸಿ, ಅದರ ಕೆಳಗಿನ ಹಲಗೆಗಳನ್ನು ಎಬ್ಬಿಸತೊಡಗಿದಳು.

"ಅಯ್ಯ! ನನ್ನ ಕೋಣಿನೇ ಸಿಕ್ತೇನ ನಿನಗ?" ಎಂದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇವೂ ಮಾವನವರೇ ಹಾಸಿದ್ದು, ಯಾರೂ ತುಳದಿಲ್ಲ. ಅತ್ತಿ ಕಾಲಿಗಿ ಇವೇ ಬೇಕು. ಹೊಸಾವು ನಿಮ್ಮ ಅಲ್ಮಾರಿ ಕೆಳಗ ಕುಂದ್ರತಾವ. ಯಾರಿಗಿ ಕಾಣ್ತದ?"

ಕೆಲಸ ಮುಗಿದ ದಿನ ಅತ್ತೆ ಬರಿಗಾಲಲ್ಲಿ ಕೋಣೆಯ ತುಂಬ ನಡೆದಾಡಿದರು. "ಅವರ ಕೈಯಾಗ ಹಾಸಿದಂಗೇ ಅದ. ನೀ ನನ್ನ ಮಗಳವ್ವಾ" ಎಂದು ಮಹಾದೇವಿಯ ಗಲ್ಲ ಹಿಡಿದು ಅತ್ತರು. ನನಗೆ ಬರಬೇಕಿದ್ದ ಮಾತು ಅವಳ ಪಾಲಾಯಿತು. ಮೈಯೆಲ್ಲ ಉರಿದುಹೋಯಿತು.

ಅವಳೊಬ್ಬಳಿಗೇ ಬರುತ್ತದೇನು ಈ ವಿದ್ಯೆ? ಒಂದು ಮಧ್ಯಾಹ್ನ ಅವಳು ಹೊರಗೆ ಹೋದಾಗ, ಬಾಗಿಲ ಬಳಿ ಕಿರ್ ಎನ್ನುವ ಹಲಗೆಗೆ ನಾನೇ ಮೊಳೆ ಹೊಡೆಯಲು ಕೂತೆ. ಹಲಗೆ ಉದ್ದಕ್ಕೆ ಸೀಳಿತು. ತಲೆ ಎತ್ತಿದರೆ ಎದುರಿಗೆ ಮಹಾದೇವಿ. "ಮೊದಲ ತೂತ ಕೊರೀಬೇಕ್ರೀ ಅಕ್ಕಾರ" ಎಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಅಷ್ಟರಲ್ಲಿ ಅತ್ತೆ ಬಂದರು. ಇವಳು ತಡಮಾಡದೆ "ನನ್ನ ಕೈ ತಪ್ತ್ರೀ ಅತ್ತಿ" ಅಂದುಬಿಟ್ಟಳು.

"ಇರ್ಲಿ ಬಿಡವ್ವಾ. ಬೆರಳಿಗಿ ಏನಾರ ಹತ್ತೇದೇನು ನೋಡ್ಕೋ" ಎಂದರು ಅತ್ತೆ.

ನಾನು ಒಂದು ಚಹಾದ ಬಸಿ ಒಡೆದರೆ ವಾರ ಮಾತು ಬಿಡುವ ಹೆಂಗಸು! ತಪ್ಪು ನನ್ನದು, ಮುದ್ದು ಅವಳಿಗೆ. ನನ್ನನ್ನು ಕಾಪಾಡಿದಳೆಂದು ಉಪಕಾರ ನೆನೆಯುವುದಿರಲಿ, ಎರಡು ದಿನ ಅವಳ ಮುಖ ನೋಡಲಿಲ್ಲ.

ಹೋದ ವರ್ಷ ಅವಳ ಅಪ್ಪನಿಗೆ ಕೈ ನಡುಕ ಬಂತು. ಅಂಗಡಿ ತಾನೇ ನಡೆಸುತ್ತೇನೆಂದು ಮಹಾದೇವಿ ಗಂಡನ ಜೊತೆ ಕಮಲಾಪುರಕ್ಕೆ ಹೊರಟಳು. ಟೆಂಪೋ ಬಾಗಿಲಿಗೆ ಬಂದಿತ್ತು. ಮಹಡಿಯಲ್ಲಿ ಅವಳು ಅತ್ತೆಯನ್ನು ಕರೆಯುತ್ತಿದ್ದಳು. "ನೀವೂ ಬರ್ರಿ ಅತ್ತಿ. ನಿಮ್ಮನ್ನ ಬಿಟ್ಟು ಹೆಂಗ ಇರ್ಲಿ?"

ನಾನು ಚಹಾ ಹಿಡಿದು ಮೆಟ್ಟಿಲ ಮೇಲೇ ನಿಂತೆ. ಅತ್ತೆ ಹೂಂ ಅಂದರೆ ನನ್ನ ಇಷ್ಟು ವರ್ಷದ ಸೇವೆ ನೀರಲ್ಲಿ ಹೋಮ.

"ಇಲ್ಲವ್ವಾ, ನಾ ಇಲ್ಲೇ ಇರ್ತೀನಿ" ಎಂದರು ಅತ್ತೆ.

ಎದೆ ಹಗುರಾಯಿತು. ಗೆದ್ದೆ ಅಂದುಕೊಂಡು ಒಂದು ಮೆಟ್ಟಿಲು ಹತ್ತಿದೆ. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಈ ನೆಲಾ ನೀ ಉಳಿಸಿಕೊಟ್ಟೀದಿ. ಇದನ್ನ ಬಿಟ್ಟು ನಾ ಎಲ್ಲಿಗಿ ಬರ್ಲಿ?"

ಮಹಾದೇವಿ ಕೆಳಗೆ ಬಂದು ನನ್ನ ಕಾಲಿಗೆರಗಿದಳು. ಟೆಂಪೋ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದೆ. ನನ್ನ ಟೈಲ್ಸಿನ ಹಟ ನಡೆದಿದ್ದರೆ ಅತ್ತೆಯೂ ಆ ಟೆಂಪೋದಲ್ಲಿ ಕೂತಿರುತ್ತಿದ್ದರು. ಹಾಳಾದವಳು, ಅತ್ತೆಯನ್ನೂ ಅವಳೇ ನನಗೆ ಕೊಟ್ಟು ಹೋದಳು.