ಮಾದೇವಕ್ಕನ ಇಂಗ್ಲಿಷ್ ಜಗಳ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವುದನ್ನು ಕಲಿಸಿದ ನಾನು ಅದನ್ನು ಒಬ್ಬರಿಗೂ ಕಲಿಸಿರಲಿಲ್ಲ ಎಂಬುದು ನಿವೃತ್ತನಾದ ಮೇಲೆ ತಿಳಿಯಿತು. ಆಮೇಲೆ ತಿಳಿದದ್ದೇ ಒಳ್ಳೆಯದಾಯಿತು. ಮೊದಲೇ ತಿಳಿದಿದ್ದರೆ ಪ್ರತಿ ತಿಂಗಳು ಪಗಾರಕ್ಕೆ ಸಹಿ ಹಾಕುವ ಮೊದಲು ಆಚೀಚೆ ನೋಡಬೇಕಾಗುತ್ತಿತ್ತು.

ನನ್ನ ವಿಧಾನ ಬಹಳ ಸರಳವಾಗಿತ್ತು. ಬೋರ್ಡಿನ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆಯುತ್ತಿದ್ದೆ. ತಲೆ ಎಂದರೆ ಪೀಠಿಕೆ, ಹೊಟ್ಟೆ ಎಂದರೆ ವಿಷಯ, ಕಾಲು ಎಂದರೆ ಮುಕ್ತಾಯ. ಹುಡುಗರು ಭಕ್ತಿಯಿಂದ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮೀಸೆ ಸೇರಿಸಿ, ಕೆಳಗೆ ನನ್ನ ಹೆಸರು ಬರೆಯುತ್ತಿದ್ದರು. ಅಷ್ಟಾದ ಮೇಲೆ ನಾನು ‘ಈ ಆಧುನಿಕ ವಿಜ್ಞಾನ ಯುಗದಲ್ಲಿ’ ಎಂದು ಶುರುವಾಗುವ ಒಂದು ಇಂಗ್ಲಿಷ್ ಪ್ರಬಂಧವನ್ನು ಹೇಳಿ ಬರೆಸುತ್ತಿದ್ದೆ. ಅವರು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಅಜ್ಜಿಯ ಬಗ್ಗೆ ಕೇಳಿದರೆ ‘ಈ ಆಧುನಿಕ ವಿಜ್ಞಾನ ಯುಗದಲ್ಲಿ ನನ್ನ ಅಜ್ಜಿ’ ಎಂದು ಬರೆಯುತ್ತಿದ್ದರು. ಉತ್ತರ ಪತ್ರಿಕೆ ತಿದ್ದುವಾಗ ಆ ವಾಕ್ಯ ಕಣ್ಣಿಗೆ ಬಿದ್ದರೆ, ಪರಊರಿನ ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಗಿ ಅಂಕ ಕೊಟ್ಟುಬಿಡುತ್ತಿದ್ದೆ.

ನಾವಿರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಇಲ್ಲಿ ಎರಡು ಮನೆಗೊಂದು ಟ್ಯೂಷನ್ ಬೋರ್ಡು ತೂಗುತ್ತದೆ. ನಾನು ಬೋರ್ಡು ತೂಗುಹಾಕದೆ, ಮನೆಯಲ್ಲಿ ಕುಳಿತು ಹೆಂಡತಿಯ ಮಾತಿನಲ್ಲಿ ಬರುವ ಇಂಗ್ಲಿಷ್ ಶಬ್ದಗಳ ಉಚ್ಚಾರಣೆ ತಿದ್ದುತ್ತಿದ್ದೆ. ಅವಳು ಒಂದು ತಿಂಗಳು ಸಹಿಸಿಕೊಂಡಳು. ಆಮೇಲೆ ತನ್ನ ತವರೂರು ಕಮಲಾಪುರಕ್ಕೆ ಫೋನು ಮಾಡಿ ನನಗೊಂದು ಕೆಲಸ ಹುಡುಕಿಬಿಟ್ಟಳು.

“ನಮ್ಮೂರಾಗ ಮಾದೇವಿ ಅಂತ ಅಂಗನವಾಡಿ ಟೀಚರ್ ಅದಾಳ. ಇಂಗ್ಲಿಷ್‌ನ್ಯಾಗ ಎರಡು ಸಲ ಫೇಲ್ ಆಗ್ಯಾಳ. ಆಯ್ತವಾರಕ್ಕೊಮ್ಮೆ ಹೋಗಿ ಆಕಿಗಿ ತಿದ್ರಿ. ನನಗ ತಿದ್ದಿದ್ದು ಸಾಕು,” ಎಂದಳು.

ಊರವರೆಲ್ಲ ಮಾದೇವಕ್ಕ ಎಂದು ಕರೆಯುತ್ತಿದ್ದ ಆಕೆಗೆ ನಲವತ್ತೆರಡು ವರ್ಷ. ಹಗಲೆಲ್ಲ ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಬಡಿಸಿ, ತೂಕ ನೋಡಿ ಬರೆದಿಟ್ಟು, ಉಳಿದ ಹೊತ್ತಿನಲ್ಲಿ ದೂರಶಿಕ್ಷಣದಲ್ಲಿ ಬಿ.ಎ. ಓದಿದವಳು. ಎಲ್ಲ ವಿಷಯಗಳೂ ಪಾಸಾಗಿ ಇಂಗ್ಲಿಷ್ ಒಂದೇ ಉಳಿದಿತ್ತು. ಅದರಲ್ಲೂ ಪ್ರಬಂಧದ ಪ್ರಶ್ನೆಗೆ ಎರಡು ಸಲವೂ ಸೊನ್ನೆಗೆ ಹತ್ತಿರದ ಅಂಕ. ಈ ಸಲ ಪಾಸಾಗದಿದ್ದರೆ ನೋಂದಣಿಯ ಅವಧಿ ಮುಗಿದು, ಮೊದಲ ವರ್ಷದಿಂದ ಮತ್ತೆ ಎಲ್ಲವನ್ನೂ ಓದಬೇಕು. ಪಾಸಾದರೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬಹುದು.

“ಇಂಗ್ಲಿಷ್ ತಿಳೀತದ್ರೀ ಸರ್,” ಎಂದಳು ಮೊದಲ ದಿನವೇ. “ಓದಿದ್ರ ತಿಳೀತದ, ಟಿವಿನ್ಯಾಗ ಕೇಳಿದ್ರ ತಿಳೀತದ. ಬರ್ಯಾಕ ಕುಂತ್ರ ಮಾತ್ರ ಯಾವುದು ಮೊದಲು, ಯಾವುದು ಹಿಂದ ಅಂತ ತಿಳಿಯಂಗಿಲ್ಲ. ಎಲ್ಲಾ ಕೂಡೇ ಬಾಗಿಲಿಗಿ ಬಂದು ನಿಂದರ್ತಾವ.”

ಪಾಠ ನಡೆಯುತ್ತಿದ್ದದ್ದು ಆಕೆಯ ಅಂಗನವಾಡಿಯಲ್ಲೇ. ಗೋಡೆಯ ಮೇಲೆ ಹಣ್ಣು, ಪ್ರಾಣಿ, ವಾಹನಗಳ ಚಿತ್ರಪಟಗಳು. ಕೂರಲು ಮಕ್ಕಳ ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಶರೀರದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು: ಅದು ಯೌವನದಿಂದಲೂ ಮುಕ್ತಾಯಕ್ಕಿಂತ ವಿಷಯಕ್ಕೆ ಹೆಚ್ಚು ಒತ್ತು ಕೊಟ್ಟ ಶರೀರ. ಆ ಕುರ್ಚಿಯಲ್ಲಿ ಕುಳಿತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅದೇ ಭಂಗಿಯಲ್ಲಿ ನಾನು ಪ್ರಬಂಧದ ಸ್ವರೂಪವನ್ನು ವಿವರಿಸಿದೆ. ಇಂಗ್ಲಿಷರ ‘ಎಸ್ಸೆ’ ಎಂಬ ಶಬ್ದಕ್ಕೆ ಮೂಲದಲ್ಲಿ ಪ್ರಯತ್ನ ಎಂಬ ಅರ್ಥ. ನಮ್ಮ ‘ಪ್ರಬಂಧ’ಕ್ಕೆ ಚೆನ್ನಾಗಿ ಕಟ್ಟಿದ್ದು ಎಂಬ ಅರ್ಥ. ಅವರು ಸುಮ್ಮನೆ ಪ್ರಯತ್ನ ಮಾಡಿದರೆ ಸಾಕಂತೆ, ನಾವು ಬಿಗಿಯಾಗಿ ಕಟ್ಟಲೇಬೇಕಂತೆ ಎಂದು ಹೇಳಿ ನಾನೇ ನಕ್ಕೆ. ಮಾದೇವಕ್ಕ ನಗಲಿಲ್ಲ. “ಇದು ಪರೀಕ್ಷಾಕ ಬರ್ತದೇನ್ರೀ?” ಎಂದಳು.

ಬಿಗಿಯಾಗಿ ಕಟ್ಟಲು ಹಗ್ಗ ಬೇಕಲ್ಲ ಎಂದು, ವಾಕ್ಯಗಳನ್ನು ಜೋಡಿಸುವ ಮೂರು ಶಬ್ದ ಕೊಟ್ಟೆ: ‘ಆದರೆ’ಗೆ ‘ಹೌಎವರ್’, ‘ಅಲ್ಲದೆ’ಗೆ ‘ಮೋರೋವರ್’, ‘ಆದ್ದರಿಂದ’ಕ್ಕೆ ‘ದೇರ್‌ಫೋರ್’. ಮುಂದಿನ ವಾರ ಆಕೆ ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆದು ತಂದಳು. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು: ‘ನನ್ನ ಅತ್ತೆ ಒಳ್ಳೆಯವರು. ಹೌಎವರ್ ಅವರ ಊರು ಆಳಂದ. ಮೋರೋವರ್ ನಿನ್ನೆ ಮಳೆ ಬಂತು. ದೇರ್‌ಫೋರ್ ನಾವೆಲ್ಲರೂ ಗಿಡ ನೆಡಬೇಕು.’

ಅಂಗನವಾಡಿಯಲ್ಲಿ ಮಕ್ಕಳಿಗೆ ಶೇಂಗಾ ಚಿಕ್ಕಿ ಹಂಚುವ ಹಾಗೆ, ಯಾವ ವಾಕ್ಯಕ್ಕೂ ಅನ್ಯಾಯವಾಗದಂತೆ ತಲಾ ಒಂದೊಂದು ಶಬ್ದ ಹಂಚಿದ್ದಳು. ನಾನು ಮತ್ತೆ ಮನುಷ್ಯನ ಚಿತ್ರ ಬರೆದೆ. ಪಕ್ಕದ ಪಟದಲ್ಲಿದ್ದ ಕರಡಿ ಅವನಿಗಿಂತ ಚೆನ್ನಾಗಿತ್ತು. ಹೀಗೆ ಏಳು ಭಾನುವಾರಗಳು ಹೋದವು. ಪರೀಕ್ಷೆಗೆ ಐದು ವಾರ ಉಳಿದಿತ್ತು. ಮಾದೇವಕ್ಕನ ಮುಖ ಸಣ್ಣದಾಗುತ್ತಾ ಬಂದಿತ್ತು. “ನನ್ನ ತಲಿಗಿ ಹತ್ತಂಗಿಲ್ಲ ಬಿಡ್ರಿ ಸರ್. ನಿಮಗ ಸುಮ್ಮ ತ್ರಾಸ,” ಎಂದಳು ಒಂದು ದಿನ. ಕೊನೆಯ ಉಪಾಯವೆಂದು, “ಹೋಗಲಿ, ಒಂದು ಪ್ರಬಂಧ ಹೇಳ್ತೇನೆ, ಬಾಯಿಪಾಠ ಮಾಡು. ಈ ಆಧುನಿಕ ವಿಜ್ಞಾನ ಯುಗದಲ್ಲಿ...” ಎಂದು ಮುಂದಕ್ಕೆ ಬಾಗಿದೆ.

ಕುರ್ಚಿ ಮುರಿಯಿತು.

ಮುರಿಯಿತು ಎನ್ನುವುದು ಸೌಮ್ಯವಾದ ಮಾತು. ಮುಂದಿನ ಒಂದು ಕಾಲು ಹಾರಿಹೋಗಿ ಬಾಗಿಲ ಬಳಿ ಬಿತ್ತು. ನಾನು ಪ್ರಾಣಿಗಳ ಪಟವನ್ನು ಹಿಡಿದುಕೊಂಡು, ಅದನ್ನೂ ಕಿತ್ತುಕೊಂಡು, ಒಂಟೆ ಜಿರಾಫೆಗಳ ಸಮೇತ ನೆಲಕ್ಕೆ ಬಂದೆ. ಮಾದೇವಕ್ಕ ನನ್ನನ್ನು ಎಬ್ಬಿಸಿ, ನೀರು ಕೊಟ್ಟು, ಎಲ್ಲೂ ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮುರಿದ ಕಾಲನ್ನು ಕೈಗೆತ್ತಿಕೊಂಡು ನೋಡಿದಳು. ಅಷ್ಟು ಹೊತ್ತು ಸಣ್ಣದಾಗಿದ್ದ ಮುಖ ಏಕಾಏಕಿ ಗಟ್ಟಿಯಾಯಿತು.

“ಏಳ್ರಿ ಸರ್, ಹೋಗಮು,” ಎಂದು ಕುರ್ಚಿಯನ್ನು ಬಗಲಲ್ಲಿ ಹಿಡಿದು ಹೊರಟೇಬಿಟ್ಟಳು.

ಬಸ್‌ಸ್ಟ್ಯಾಂಡಿನ ಎದುರಿಗೆ ಸಿದ್ರಾಮಪ್ಪ ಎಂಬ ಸಾವಕಾರನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಆ ವಾರವಷ್ಟೇ ಈ ಹೊಸ ಕುರ್ಚಿ ತಂದದ್ದು ಅಲ್ಲಿಂದಲೇ. ನಾನು ಪಂಚೆಯ ಧೂಳು ಕೊಡವುತ್ತಾ, ಪಕ್ಕದಲ್ಲಿ ಹಣ್ಣು ಮಾರುವ ಶಾಂತಕ್ಕನ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಹಿಂದೆ ಆದಷ್ಟು ಕಾಣದ ಹಾಗೆ ನಿಂತೆ. ನನ್ನಂಥವರಿಗೆ ಅದು ಸುಲಭವಲ್ಲ.

“ಸಾವಕಾರ್ರ, ಈ ಕುರ್ಚಿ ಬದಲಿ ಮಾಡಿ ಕೊಡ್ರಿ,” ಎಂದಳು ಮಾದೇವಕ್ಕ. ನಮಸ್ಕಾರವಿಲ್ಲ, ಊರ ಸುದ್ದಿಯಿಲ್ಲ, ಆಧುನಿಕ ಯುಗವಂತೂ ಇಲ್ಲವೇ ಇಲ್ಲ. “ಯಾಕಂದ್ರ, ಒಂದನೇದ್ದು, ಆನಿ ಕುಂತ್ರೂ ಇದಕ್ಕ ಏನೂ ಆಗಂಗಿಲ್ಲ ಅಂತ ನೀವೇ ಹೇಳಿದ್ರಿ. ಹಣ್ಣಿನ ಶಾಂತಕ್ಕ ಕೇಳ್ಯಾಳ. ಎರಡನೇದ್ದು, ಮುರಿದಲ್ಲಿ ನೋಡ್ರಿ, ಅರ್ಧ ಸೀಳು ಹಳೇದದ, ಒಳಗ ಧೂಳು ಕುಂತದ. ಮೊದಲೇ ಸೀಳಿತ್ತು. ಮೂರನೇದ್ದು, ಇದರ ಜೋಡಿ ಒಯ್ದಿದ್ದ ಇನ್ನೊಂದರದ್ದೂ ಇದೇ ಕಾಲು ಅಲಗಾಡ್ತದ.”

ಸಿದ್ರಾಮಪ್ಪ ಬುಟ್ಟಿಗಳ ಕಡೆ ಬೆರಳು ತೋರಿಸಿದ. “ಅದು ಮಕ್ಕಳ ಕುರ್ಚಿ, ಮಾದೇವಕ್ಕ. ಅದರ ಮ್ಯಾಲ ಇವರನ್ನ ಕುಂಡ್ರಿಸಿದ್ರ ಇನ್ನೇನಾಗ್ತದ?”

ಬಾಳೆಹಣ್ಣು ಕೊಳ್ಳುತ್ತಿದ್ದವರೆಲ್ಲ ಹಣ್ಣು ಬಿಟ್ಟು ನನ್ನನ್ನು ಹಿಂದೆ ಮುಂದೆ ನೋಡಿದರು.

“ನಮ್ಮ ಸರ್ ದಪ್ಪ ಅದಾರ, ಖರೇ ಅದ, ಒಪ್ಕೋತೀನಿ,” ಎಂದಳು ಮಾದೇವಕ್ಕ. “ಆದ್ರ ಅವರು ಇವತ್ತು ದಪ್ಪ ಆದವರಲ್ಲ. ಏಳು ವಾರ ನಮ್ಮ ಹಳೇ ಕುರ್ಚಿ ಮ್ಯಾಲ ಕುಂತಾರ. ಅದು ಇನ್ನಾ ಗಟ್ಟಿ ಅದ. ಇವತ್ತೊಂದಿನ ನಿಮ್ಮ ಹೊಸ ಕುರ್ಚಿ ಮ್ಯಾಲ ಕುಂತ್ರು, ಮುರೀತು. ಹಂಗಂದ್ರ ದೋಷ ಕುರ್ಚಿದೋ, ಸರ್ದೋ? ಮತ್ತ ಎಷ್ಟಾದ್ರೂ ಅವರು ಆನಿಕಿಂತ ಕಡಿಮಿನೇ ಅದಾರ. ಅದಕ್ಕ ಬದಲಿ ಮಾಡಿ ಕೊಡ್ರಿ.”

ಸಿದ್ರಾಮಪ್ಪ ಒಮ್ಮೆ ಸೀಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆನೆಯ ಹೋಲಿಕೆಯನ್ನು ಅವನು ಮನಸ್ಸಿನಲ್ಲೇ ತೂಗಿ ನೋಡಿದಂತೆ ಕಂಡಿತು. ಆಮೇಲೆ ಒಳಗಿನಿಂದ ಬೇರೆ ಕುರ್ಚಿ ತಂದುಕೊಟ್ಟ.

ನಾನು ಮಾತ್ರ ಅವಮಾನವನ್ನೂ ಮರೆತು ನಿಂತಿದ್ದೆ. ಏನು ಬೇಕೆಂಬುದು ಮೊದಲ ವಾಕ್ಯದಲ್ಲೇ ಬಂದಿತ್ತು. ಆಮೇಲೆ ಮೂರು ಕಾರಣ, ಒಂದೊಂದಕ್ಕೂ ಒಂದೊಂದು ಪುರಾವೆ. ಎದುರಾಳಿಯ ಮಾತಿನಲ್ಲಿ ನಿಜವಿದ್ದಷ್ಟನ್ನು ಒಪ್ಪಿ, ‘ಆದರೆ’ ಎಂದು ತಿರುಗಿದ ರೀತಿಯಂತೂ ನಾನು ಮೂವತ್ತೊಂದು ವರ್ಷ ಕಲಿಸಲು ಒದ್ದಾಡಿದ್ದು. ಆ ‘ಹೌಎವರ್’ನ ಎರಡೂ ಕಡೆ ನಾನೇ ಉದಾಹರಣೆಯಾಗಿ ನಿಂತಿದ್ದೆ ಎಂಬುದಷ್ಟೇ ಸ್ವಲ್ಪ ನೋವಿನ ಸಂಗತಿ.

“ಮಾದೇವಕ್ಕ, ನೀ ಈಗ ಪ್ರಬಂಧ ಹೇಳಿದೆಯಲ್ಲ!” ಎಂದೆ.

“ಪ್ರಬಂಧ ಎಲ್ಲಿದ್ರೀ ಸರ್? ಅದು ಜಗಳ,” ಎಂದಳು.

ಅಂದಿನಿಂದ ಬೋರ್ಡಿನ ಮೇಲೆ ಮನುಷ್ಯನ ಚಿತ್ರ ಬರೆಯುವುದನ್ನು ಬಿಟ್ಟೆ. ಯಾವ ವಿಷಯ ಕೊಟ್ಟರೂ ಮೊದಲು ಒಂದೇ ಪ್ರಶ್ನೆ: ಜಗಳ ಯಾರ ಜೊತೆ? ಗಿಡಮರಗಳ ಮಹತ್ವ ಎಂದರೆ, ಅಂಗನವಾಡಿಯ ಮುಂದಿನ ಬೇವಿನ ಮರ ಕಡಿಯಲು ಬಂದವನ ಜೊತೆ. ಹೆಣ್ಣುಮಕ್ಕಳ ಶಿಕ್ಷಣ ಎಂದರೆ, ‘ಈ ವಯಸ್ಸಿನ್ಯಾಗ ನಿನಗ್ಯಾಕ ಬಿ.ಎ.’ ಎಂದ ಭಾವನ ಜೊತೆ. ಅದನ್ನು ಬರೆದ ದಿನ ಆಕೆಯ ಪೆನ್ನು ಕಾಗದವನ್ನು ತೂತು ಮಾಡಿತ್ತು. ಮೊದಲು ಬಾಯಲ್ಲಿ ಕನ್ನಡದ ಜಗಳ, ಆಮೇಲೆ ಅದೇ ಕ್ರಮದಲ್ಲಿ ಇಂಗ್ಲಿಷ್. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು, ಆದರೆ ಹೋಗಬೇಕಾದ ಊರಿಗೇ ಹೋಗುತ್ತಿತ್ತು. ಅತ್ತೆಯ ಬಗ್ಗೆ ಮತ್ತೊಮ್ಮೆ ಬರೆಯಲು ಹೇಳಿದೆ. “ಬ್ಯಾಡ್ರೀ ಸರ್, ಮನ್ಯಾಗ ಶಾಂತಿ ಅದ,” ಎಂದು ಒಪ್ಪಲಿಲ್ಲ.

ಪರೀಕ್ಷೆ ಕಲಬುರಗಿಯಲ್ಲಿ ನಡೆಯಿತು. ನಾನು ಕಾಲೇಜಿನ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಿದ್ದೆ. ಸಮಯ ಮುಗಿಯಲು ಇನ್ನೂ ಅರ್ಧ ಗಂಟೆ ಇರುವಾಗಲೇ ಮಾದೇವಕ್ಕ ಹೊರಗೆ ಬಂದಳು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಉಳಿದವರೆಲ್ಲ ಹೆಚ್ಚಿನ ಹಾಳೆ ಕೇಳಿ ಕೇಳಿ ತೆಗೆದುಕೊಂಡರಂತೆ. ಈಕೆ ಪ್ರಬಂಧವನ್ನು ಬರೆದದ್ದು ಒಂದೂವರೆ ಪುಟ. ವಿಷಯ: ಮೊಬೈಲಿನಿಂದ ಮಕ್ಕಳ ಮೇಲಾಗುವ ಪರಿಣಾಮ. ಊಟ ಮಾಡಿಸುವಾಗ ಕೂಸಿನ ಕೈಗೆ ಮೊಬೈಲು ಕೊಡುವ ಒಬ್ಬ ತಾಯಿಯ ಜೊತೆ ಜಗಳವಾಡಿ ಬಂದೆ ಎಂದಳು. ಒಂದೂವರೆ ಪುಟಕ್ಕೆ ಯಾರು ಅಂಕ ಕೊಡುತ್ತಾರೆ? ತಿದ್ದುವವರು ನನ್ನಂಥವರೇ ಆಗಿದ್ದರೆ, ಪರಿಚಯದ ವಾಕ್ಯ ಒಂದೂ ಇಲ್ಲವಲ್ಲ ಎಂದು ಮುಖ ತಿರುಗಿಸುವುದಿಲ್ಲವೇ? ಎರಡು ತಿಂಗಳು ನನಗೆ ಊಟ ರುಚಿಸಲಿಲ್ಲ. ಇದನ್ನು ನನ್ನ ಹೆಂಡತಿ ಒಪ್ಪುವುದಿಲ್ಲ. ನಾನು ತಿಂದ ರೊಟ್ಟಿಗಳ ನೆನಪು ಅವಳಿಗೆ ಚೆನ್ನಾಗಿದೆ.

ಫಲಿತಾಂಶ ಬಂದ ದಿನ ಮಾದೇವಕ್ಕ ಪೇಢೆ ಹಿಡಿದು ನಮ್ಮ ಮನೆಗೇ ಬಂದಳು. ಪಾಸು. ಮೇಲ್ವಿಚಾರಕಿ ಹುದ್ದೆಯ ಅರ್ಜಿಯನ್ನೂ ದಾರಿಯಲ್ಲೇ ಕೊಟ್ಟು ಬಂದಿದ್ದಳು. ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಸ್ವಲ್ಪ ಅತ್ತರು, ಬಹಳ ನಕ್ಕರು. ನನಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಮುಕ್ತಾಯವನ್ನು ಹೇಗೆ ಬರೆಯಬೇಕೆಂದು ನಾನು ಆಕೆಗೆ ಸರಿಯಾಗಿ ಕಲಿಸಿಯೇ ಇರಲಿಲ್ಲ.

“ಅವತ್ತು ಅಷ್ಟು ಬೇಗ ಹೊರಗೆ ಬಂದೆಯಲ್ಲ, ಕೊನೆಗೆ ಏನಂತ ಬರೆದೆ?” ಎಂದು ಕೇಳಿದೆ.

“ಏನಿಲ್ರೀ ಸರ್. ಆ ತಾಯಿಗಿ ಮುಂದ ಮಾತು ಹೊರಡಂಗಿಲ್ಲ ಅಂತ ಅನಿಸ್ತು. ಗೆದ್ದ ಮ್ಯಾಲ ನಿಂತು ಮಾತಾಡಿದ್ರ ಸೋಲ್ತೀವಿ. ಪೇಪರ್ ಕೊಟ್ಟು ಬಂದೆ.”

ಮುಕ್ತಾಯದ ಬಗ್ಗೆ ಆಕೆಗೆ ಹೇಳಬೇಕೆಂದು ನನ್ನ ಹತ್ತಿರ ಇನ್ನೂ ಮೂರು ಮಾತುಗಳಿದ್ದವು. ಪೇಢೆ ಬಾಯಿಗೆ ಹಾಕಿಕೊಂಡೆ.